ಪಾಸ್ ಅಂತ ಬಂತಲ್ಲ, ಮತ್ತೆಂತ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಚನಾಲಯದ ಜಗಲಿಯಲ್ಲಿ ಏಳೆಂಟು ಮಂದಿ ಕೂತಿದ್ದೆವು. ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಸರ್ವಿಸ್ ಕೆಲಸ ಮಾಡುವ ನಮ್ಮೂರಿನ ಹುಡುಗನೊಬ್ಬ ರಜೆಯಲ್ಲಿ ಬಂದಿದ್ದ. ಯಾವುದೋ ಲ್ಯಾಬಿನಲ್ಲಿ ಅಳತೆಯ ಯಂತ್ರದ ಮಾಡ್ಯೂಲ್ ಒಂದನ್ನು ಹತ್ತೇ ನಿಮಿಷದಲ್ಲಿ ಬದಲಾಯಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದ ಕತೆ ಹೇಳಿದ. "ಹಾಕಿದ್ದು ಸರಿ, ಪರೀಕ್ಷೆ ಎಂತ ಮಾಡಿದೆ?" ಎಂದು ಕೇಳಿದೆ. "ಆನ್ ಮಾಡಿದ ಕೂಡ್ಲೆ ಪಾಸ್ ಅಂತ ಬಂತಲ್ಲ ಮಾವ, ಮತ್ತೆಂತ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಇದೇ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೆ. ಅದರ ನಷ್ಟ ಬೇರೆಯವರಿಗೆ ಆಗಿತ್ತು. ಅಂದು ಆ ಹುಡುಗನಿಗೆ ಕೊಡದ ಉತ್ತರವನ್ನು ಈಗ ಕೊಡುತ್ತಿದ್ದೇನೆ. ಅವನಿಗೆ ಮಾತ್ರ ಅಲ್ಲ, ನಕ್ಕ ನಮಗೆಲ್ಲರಿಗೂ ಇದು ಸಲ್ಲುತ್ತದೆ.

ಮೊದಲು ಆ ಯಂತ್ರ ಏನು ಎಂದು ಹೇಳಬೇಕು. ಡೇಟಾ ಲಾಗರ್ ಎಂಬ ಒಂದು ಪೆಟ್ಟಿಗೆ ಉಂಟು. ಎದುರಲ್ಲಿ ಅಂಕಿ ತೋರಿಸುವ ಪರದೆ, ಹಿಂಬದಿಯಲ್ಲಿ ಎರಡೋ ಮೂರೋ ಖಾಲಿ ಖಾನೆಗಳು. ಆ ಖಾನೆಗಳಿಗೆ ಮಾಡ್ಯೂಲುಗಳನ್ನು ಮೇಜಿನ ಡ್ರಾಯರಿನಂತೆ ತಳ್ಳಿ ಕೂರಿಸುವುದು. ಒಂದು ಮಾಡ್ಯೂಲಿಗೆ ಇಪ್ಪತ್ತು ಜೊತೆ ತಂತಿ ಕಟ್ಟಬಹುದು. ಒಳಗಿನ ಪುಟ್ಟ ರಿಲೇಗಳು ಟಕ್ ಟಕ್ ಎಂದು ಒಂದೊಂದೇ ಜೊತೆಯನ್ನು ಅಳೆಯುವ ಭಾಗಕ್ಕೆ ಜೋಡಿಸುತ್ತವೆ. ಇಪ್ಪತ್ತು ಜಾಗದ ಉಷ್ಣತೆಯನ್ನು ಒಂದೇ ಪೆಟ್ಟಿಗೆ ಬರೆದಿಡುತ್ತದೆ. ರಿಲೇ ಸವೆದರೆ ಮಾಡ್ಯೂಲ್ ಬದಲಾಯಿಸಬೇಕು.

ನಾನು ಬೆಂಗಳೂರಿನ ಒಂದು ಕಂಪೆನಿಯ ಸರ್ವಿಸ್ ವಿಭಾಗದಲ್ಲಿದ್ದಾಗ ಒಂದು ಸಣ್ಣ ಪೇಟೆಯ ಲಸಿಕೆ ದಾಸ್ತಾನು ಕೋಣೆಗೆ ಇದೇ ಕೆಲಸಕ್ಕೆ ಹೋದೆ. ಕೋಣೆಯ ತಂಪು ಬಂದ್ ಮಾಡಿ, ಲಸಿಕೆಯನ್ನು ಬೇರೆ ಕಡೆ ಸಾಗಿಸಿದ್ದರು. ಸ್ವಿಚ್ ಆಫ್ ಮಾಡಿದೆ, ಹಳೆಯ ಮಾಡ್ಯೂಲ್ ಎಳೆದೆ, ತಂತಿಗಳನ್ನು ಹೊಸದಕ್ಕೆ ಕಟ್ಟಿದೆ, ಖಾನೆಗೆ ತಳ್ಳಿದೆ. ಕ್ಲಿಕ್ ಎಂದಿತು. ಆನ್ ಮಾಡಿದರೆ ಸೆಲ್ಫ್ ಟೆಸ್ಟ್ ಪಾಸ್. ಇಪ್ಪತ್ತೂ ಚಾನೆಲುಗಳಲ್ಲಿ 30 ಡಿಗ್ರಿ. ಗೋಡೆಯ ಥರ್ಮಾಮೀಟರ್ ನೋಡಿದೆ, ಅದರಲ್ಲೂ 30. ಇನ್ನೇನು ಬೇಕು? 'ಪರೀಕ್ಷಿಸಿದೆ, ಸರಿ ಇದೆ' ಎಂದು ಬರೆದು ಸಹಿ ಹಾಕಿದೆ. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ನಾಲ್ಕನೆಯ ದಿನ ಅಲ್ಲಿನ ಉಸ್ತುವಾರಿ ನರ್ಸಮ್ಮ ಫೋನ್ ಮಾಡಿದರು. "ಸರ್, ನಿಮ್ಮ ಮಿಷನ್ 5 ಡಿಗ್ರಿ ತೋರಿಸ್ತಾ ಉಂಟು. ಆದ್ರೆ ಮೂಲೆಯಲ್ಲಿ ಇಟ್ಟ ನೀರಿನ ಬಾಟ್ಲಿ ಐಸ್ ಆಗಿದೆ. ನಾನು ಯಾವುದನ್ನು ನಂಬುದು?"

ನಾನು ಹೇಳಿದ್ದನ್ನು ಮುಚ್ಚಿಡುವುದಿಲ್ಲ. "ಮಿಷನನ್ನು ನಂಬಿ ಅಮ್ಮ, ಸೆಲ್ಫ್ ಟೆಸ್ಟ್ ಪಾಸ್ ಆಗಿದೆ. ಬಾಟ್ಲಿಯನ್ನು ಕೂಲರಿನ ಗಾಳಿಗೆ ಎದುರು ಇಟ್ಟಿರ್ತೀರಿ" ಎಂದೆ. ಆಕೆ ನಂಬಲಿಲ್ಲ. ಕೋಣೆಗೆ ಬೀಗ ಹಾಕಿ, ಒಂದೂ ಲಸಿಕೆ ಹೊರಗೆ ಕೊಡುವುದಿಲ್ಲ ಎಂದು ಹಟ ಹಿಡಿದರು. ಮರುದಿನ ನಾನು ಹೋಗಲೇಬೇಕಾಯಿತು. ಒಂದು ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸ್, ಅದು ಮುಳುಗುವಷ್ಟು ನೀರು ಹಾಕಿ ಕಲಸಿ, ಒಂದು ತಂತಿಯ ತುದಿಯನ್ನು ಅದ್ದಿದೆ. ಐಸ್ ಕರಗುವ ನೀರು ಸೊನ್ನೆ ಡಿಗ್ರಿ ಎಂದು ಆರನೇ ಕ್ಲಾಸಿನ ಮಗುವಿಗೂ ಗೊತ್ತು. ನನ್ನ ಪಾಸಾದ ಮಿಷನ್ ಆರೂವರೆ ತೋರಿಸಿತು.

ತಪ್ಪು ಎಲ್ಲಿತ್ತು? ಉಷ್ಣತೆ ಅಳೆಯುವ ಆ ತಂತಿಗೆ ಥರ್ಮೋಕಪಲ್ ಎಂದು ಹೆಸರು. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದಿರುತ್ತಾರೆ. ತುದಿಯ ಉಷ್ಣತೆಗೂ ತಂತಿ ಕಟ್ಟಿದ ಸ್ಕ್ರೂವಿನ ಉಷ್ಣತೆಗೂ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಂತೆ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಕೆ ಎಂಬ ಜಾತಿಯ ತಂತಿಯಲ್ಲಿ ಒಂದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್, ಜೆ ಜಾತಿಯದ್ದರಲ್ಲಿ ಸುಮಾರು 50. ಯಂತ್ರ ತನ್ನ ಸ್ಕ್ರೂವಿನ ಉಷ್ಣತೆಯನ್ನು ಬೇರೆಯಾಗಿ ಅಳೆದು, ಈ ವ್ಯತ್ಯಾಸವನ್ನು ಅದಕ್ಕೆ ಕೂಡಿಸಿ ನಮಗೆ ಉತ್ತರ ಹೇಳುತ್ತದೆ. ಅಲ್ಲಿದ್ದ ತಂತಿ ಕೆ. ಹೊಸ ಮಾಡ್ಯೂಲ್ ಹಾಕಿದಾಗ ಯಂತ್ರದ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ, ಅಂದರೆ ಜೆಗೆ ಹೋಗಿತ್ತು. ನಾನು ಅದನ್ನು ನೋಡಲೇ ಇಲ್ಲ.

ಹಾಗಾದರೆ ಮೊದಲ ದಿನ ಗೋಡೆಯ ಥರ್ಮಾಮೀಟರಿಗೆ ಸರಿಯಾಗಿ 30 ತೋರಿಸಿದ್ದು ಹೇಗೆ? ಇದೇ ಇಡೀ ಪ್ರಬಂಧದ ತಿರುಳು. ಅಂದು ತಂತಿಯ ತುದಿಯೂ 30, ಸ್ಕ್ರೂವೂ 30. ವ್ಯತ್ಯಾಸ ಸೊನ್ನೆ, ವೋಲ್ಟೇಜೂ ಸೊನ್ನೆ. ಸೊನ್ನೆಯನ್ನು ಕೆ ಎಂದು ಓದಿದರೂ ಸೊನ್ನೆಯೇ, ಜೆ ಎಂದು ಓದಿದರೂ ಸೊನ್ನೆಯೇ. ಆಗ ಯಂತ್ರ ಹೇಳುವುದು ತನ್ನ ಸ್ಕ್ರೂವಿನ ಉಷ್ಣತೆಯನ್ನು ಮಾತ್ರ. ತಂತಿಯನ್ನು ತಿರುಗುಮುರುಗು ಕಟ್ಟಿದ್ದರೂ 30 ಬರುತ್ತಿತ್ತು. ಸ್ಕ್ರೂವಿನ ಹತ್ತಿರ ಎರಡೂ ತಂತಿ ಒಂದಕ್ಕೊಂದು ತಾಗಿಕೊಂಡಿದ್ದರೂ 30 ಬರುತ್ತಿತ್ತು. ಯಾವ ಉತ್ತರ ಬರೆದರೂ ಪೂರ್ತಿ ಅಂಕ ಸಿಗುವ ಪ್ರಶ್ನೆಯನ್ನು ಕೇಳಿ, ಮಗು ಜಾಣ ಎಂದು ಷರಾ ಬರೆದ ಮಾಷ್ಟ್ರ ಹಾಗೆ ನಾನು ಸಹಿ ಹಾಕಿದ್ದೆ.

ಕೋಣೆಯನ್ನು ತಂಪು ಮಾಡಿ ಪರದೆಯಲ್ಲಿ 5 ಬರುವವರೆಗೆ ಕೂಲರನ್ನು ಸರಿಹೊಂದಿಸಿದಾಗ ನಿಜವಾದ ಉಷ್ಣತೆ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿತ್ತು. ಲಸಿಕೆ ಇಡಬೇಕಾದದ್ದು 2ರಿಂದ 8 ಡಿಗ್ರಿಯ ಒಳಗೆ. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಸತ್ವ ಹೋಯಿತು. ಕರಗಿಸಿದರೆ ಮರಳಿ ಬರುವುದಿಲ್ಲ. ಕರಗಿದ ಮೇಲೆ ಸುಮ್ಮನೆ ನೋಡಿದವರಿಗೆ ಗೊತ್ತಾಗುವುದೂ ಕಷ್ಟ. ಮಗುವಿಗೆ ಚುಚ್ಚಿದರೆ ತಾಯಿಯ ಕಾರ್ಡಿನಲ್ಲಿ ಗುರುತು ಬೀಳುತ್ತದೆ, ಮಗುವಿಗೆ ರಕ್ಷಣೆ ಸಿಗುವುದಿಲ್ಲ. ಆ ನರ್ಸಮ್ಮ ಬೀಗ ಹಾಕಿದ್ದರಿಂದ ಅಷ್ಟಕ್ಕೆ ಹೋಗಲಿಲ್ಲ. ಅಂಥ ಲಸಿಕೆಯನ್ನೆಲ್ಲ ಎಸೆದರು. ಆಕೆಯ ಬಳಿ ಇದ್ದ ಉಪಕರಣ ಒಂದು ನೀರಿನ ಬಾಟ್ಲಿ. ನನ್ನ ಬಳಿ ಇದ್ದದ್ದು ದುಬಾರಿ ಮಿಷನ್ ಮತ್ತು ಒಂದು ಸಹಿ.

ಆದ್ದರಿಂದ ನನ್ನ ವಾದ ಇಷ್ಟೆ: ತಪ್ಪಿದ್ದರೂ ಪಾಸಾಗುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕೂರಿಸುವುದು ಅರ್ಧ ಕೆಲಸ. ತಪ್ಪಾಗಿದ್ದರೆ ಅದು ಹೇಗೆ ಕಾಣುತ್ತದೆ ಎಂದು ಮೊದಲೇ ಯೋಚಿಸಿ, ಆ ತಪ್ಪನ್ನು ಹುಡುಕಿಕೊಂಡು ಹೋಗುವುದು ಉಳಿದ ಅರ್ಧ.

ಹೇಗೆ ಹುಡುಕುವುದು? ಹಳೆಯ ಮಾಡ್ಯೂಲ್ ತೆಗೆಯುವ ಮೊದಲೇ ಪ್ರತಿಯೊಂದು ಚಾನೆಲಿನ ಸೆಟ್ಟಿಂಗ್ ಬರೆದುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ತಂತಿಗಳಲ್ಲಿ ಬೇರೆ ಕಡೆಯಿಂದ ಕರೆಂಟ್ ಬರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಸ್ಕ್ರೂ ಬಿಗಿದ ಮೇಲೆ ಪ್ರತಿ ತಂತಿಯನ್ನು ಮೆಲ್ಲಗೆ ಎಳೆದು ನೋಡಿ. ಆನ್ ಮಾಡಿ ಸೆಟ್ಟಿಂಗುಗಳನ್ನು ಬರೆದದ್ದಕ್ಕೆ ತಾಳೆ ನೋಡಿ. ಒಂದು ಚಾನೆಲಿನ ಎರಡು ಸ್ಕ್ರೂಗಳ ನಡುವೆ ತಾಮ್ರದ ತಂತಿ ಹಾಕಿ ವೋಲ್ಟೇಜ್ ಅಳೆಯಿರಿ, ಸೊನ್ನೆಯ ಹತ್ತಿರ ಬರಬೇಕು. ಗೊತ್ತಿರುವ ಒಂದು ವೋಲ್ಟೇಜ್ ಕೊಟ್ಟು, ಅಷ್ಟೇ ತೋರಿಸುತ್ತದೋ ನೋಡಿ. ಆಮೇಲೆ ಏಳನೆಯ ತಂತಿಯ ತುದಿಯನ್ನು ಅಂಗೈಯಲ್ಲಿ ಹಿಡಿಯಿರಿ. ಏಳನೆಯ ಚಾನೆಲಿನಲ್ಲೇ ಅಂಕಿ ಏರಬೇಕು. ಹದಿನೇಳರಲ್ಲಿ ಏರಿದರೆ ಜಾಗ ತಪ್ಪಿದೆ. ಏರುವ ಬದಲು ಇಳಿದರೆ ತಂತಿ ತಿರುಗುಮುರುಗಾಗಿದೆ. ಆಮೇಲೆ ಐಸಿನ ಫ್ಲಾಸ್ಕು. ಕೊನೆಗೆ ಒಂದು ತಂತಿಯನ್ನು ಬೇಕೆಂದೇ ಬಿಚ್ಚಿ. ಯಂತ್ರ ದೂರು ಹೇಳಬೇಕು. ಹೇಳದಿದ್ದರೆ ನಾಳೆ ಇಲಿ ಕಚ್ಚಿದಾಗಲೂ ಹೇಳುವುದಿಲ್ಲ. ಇಷ್ಟನ್ನೂ ತಾರೀಕು ಹಾಕಿ, ಬಂದ ಅಂಕಿಯ ಸಮೇತ ಬರೆಯಿರಿ. 'ಸರಿ ಇದೆ' ಎಂಬ ಎರಡು ಶಬ್ದ ವರದಿಯಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಬಾಯಿಪಾಠ. 'ಕಂಪೆನಿಯ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಉಂಟಲ್ಲ?' ಉಂಟು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ ಅಳತೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಲಿಸಿ ಕೊಟ್ಟ ಒಳ್ಳೆಯ ಕಾಗದವೇ ಇರಬಹುದು. ಆದರೆ ಅದು ಆ ದಿನ, ಆ ಮೇಜಿನ ಮೇಲೆ ಇದ್ದ ಮಾಡ್ಯೂಲಿನ ಬಗ್ಗೆ ಹೇಳುವ ಮಾತು. ನೀವು ಇಂದು ಕಟ್ಟಿದ ತಂತಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. 'ಸೆಲ್ಫ್ ಟೆಸ್ಟ್ ಸುಳ್ಳಾ?' ಸುಳ್ಳಲ್ಲ. ನಾನಿದ್ದೇನೆ, ನನ್ನ ಒಳಗಿನ ಸರ್ಕಿಟ್ ಓಡುತ್ತಾ ಉಂಟು ಎಂದು ಯಂತ್ರ ಹಾಜರಿ ಹೇಳುವುದು ಅದು. ಹಾಜರಿ ಕೊಟ್ಟವರೆಲ್ಲ ಪಾಠ ಕಲಿತವರಲ್ಲ ಎಂದು ಅಧ್ಯಾಪಕರಿಗೆ ಹೇಳಬೇಕೇ? 'ಸಮಯ ಎಲ್ಲಿ ಉಂಟು?' ಇಪ್ಪತ್ತು ತಂತಿಗೆ ಅರ್ಧ ದಿನ ಬೇಕು. ಆ ಅರ್ಧ ದಿನವನ್ನು ಬಿಲ್ಲಿನಲ್ಲಿ ಸೇರಿಸಲು ಒಪ್ಪದ ಯಜಮಾನರಿಗೂ, ಹತ್ತು ನಿಮಿಷದಲ್ಲಿ ಮುಗಿಸಿದ ಹುಡುಗನನ್ನು ಹೊಗಳುವ ನಮಗೂ ಈ ತಪ್ಪಿನಲ್ಲಿ ಪಾಲು ಉಂಟು. ಹುಡುಗನೊಬ್ಬನನ್ನೇ ಬೈದರೆ ಆಗಲಿಕ್ಕಿಲ್ಲ.

ಇದು ಲ್ಯಾಬಿನವರ ತಕರಾರು, ನಮಗೆಂತಕ್ಕೆ ಎನ್ನಬೇಡಿ. ನಾವು ಅಡಿಕೆ, ಕರಿಮೆಣಸು, ರಬ್ಬರ್ ಮಾರುವ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಉಂಟು. ವ್ಯಾಪಾರಿ ಒಂದು ಬಟನ್ ಒತ್ತಿ 'ನೋಡಿ, ಸೊನ್ನೆ' ಎನ್ನುತ್ತಾನೆ, ನಾವು ತಲೆಯಾಡಿಸುತ್ತೇವೆ. ಆ ಬಟನ್ ಇರುವುದೇ ಸೊನ್ನೆ ತೋರಿಸಲಿಕ್ಕೆ! ಕೆಟ್ಟ ತಕ್ಕಡಿಯೂ ಸೊನ್ನೆ ತೋರಿಸುತ್ತದೆ. 5 ಕಿಲೋದ ಮುದ್ರೆ ಬಿದ್ದ ಕಲ್ಲು ಇಟ್ಟಾಗ 5 ಬರುತ್ತದೋ ಎಂಬುದು ಪ್ರಶ್ನೆ. ಇಂಥ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರಿ ತಪಾಸಣೆ ಆಗಿ ಮುದ್ರೆ ಬೀಳಬೇಕೆಂದು ಕಾನೂನೇ ಉಂಟು. ಆ ಮುದ್ರೆಯ ತಾರೀಕನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ನಮ್ಮ ಶಾಲೆಗಳ ಮಾತೂ ಇದೇ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಕಾಸರಗೋಡಿನಲ್ಲಿ ಮಕ್ಕಳು, ಹೆತ್ತವರು ಮತ್ತೆ ಮತ್ತೆ ಬೀದಿಗಿಳಿದದ್ದು ನಮಗೆಲ್ಲ ಗೊತ್ತು. ಕಡತದಲ್ಲಿ ನೋಡಿದರೆ ಹುದ್ದೆ ಭರ್ತಿ. ಅಂದರೆ ಖಾನೆ ತುಂಬಿದೆ, ದೀಪ ಉರಿಯುತ್ತಿದೆ, ಸೆಲ್ಫ್ ಟೆಸ್ಟ್ ಪಾಸ್. ಬಂದ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಬೇರೆ ಕಡೆ ಒಳ್ಳೆಯ ಅಧ್ಯಾಪಕರೇ ಇರಬಹುದು. ನನ್ನ ಜಗಳ ಸಹಿ ಹಾಕಿದವರ ಜೊತೆ. ತರಗತಿಯ ಕೊನೆಯ ಬೆಂಚಿನ ಮಗುವನ್ನು 'ಇವತ್ತಿನ ಪಾಠದಲ್ಲಿ ನಿನಗೆ ಎಂತ ಗೊತ್ತಾಯ್ತು?' ಎಂದು ಕೇಳಿದವರು ಯಾರು? ಆ ಮಗುವಿನ ಉತ್ತರವೇ ಇಲ್ಲಿ ನೀರಿನ ಬಾಟ್ಲಿ.

ಸುಮ್ಮನೆ ಬೈದು ಮುಗಿಸುವುದಿಲ್ಲ, ಮೂರು ಬೇಡಿಕೆ ಇಡುತ್ತೇನೆ. ಒಂದು, ನಮ್ಮ ವಾಚನಾಲಯ ಮುದ್ರೆ ಬಿದ್ದ 5 ಕಿಲೋದ ಒಂದು ಕಲ್ಲನ್ನು ಕೊಂಡು ಇಡಲಿ. ಯಾರೂ ತೆಗೆದುಕೊಂಡು ಹೋಗಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡುವಂತಾಗಲಿ. ಎರಡು, ನಮ್ಮ ಶಾಲೆಗಳಲ್ಲಿ ಥರ್ಮಾಮೀಟರ್ ಕೈಗೆ ಕೊಡುವ ಮೊದಲು ಅದನ್ನು ಐಸಿನ ನೀರಿಗೆ, ಆಮೇಲೆ ಕುದಿಯುವ ನೀರಿಗೆ ಮಕ್ಕಳಿಂದಲೇ ಅದ್ದಿಸಿ. ಸಮುದ್ರದ ಮಗ್ಗುಲಿನ ನಮ್ಮಲ್ಲಿ ಕುದಿಯುವ ನೀರು 100ರ ಹತ್ತಿರ ಬರಬೇಕು. ಮಡಿಕೇರಿಯಂಥ ಎತ್ತರದಲ್ಲಾದರೆ ಸುಮಾರು 96. ಯಾಕೆ ಎಂದು ಮಕ್ಕಳೇ ಕೇಳಲಿ. ಮೂರು, ರಿಪೇರಿಗೆ ಬಂದವರಿಂದ 'ಸರಿ ಇದೆ' ಎಂಬ ಕಾಗದ ತೆಗೆದುಕೊಳ್ಳಬೇಡಿ. 'ಹೇಗೆ ನೋಡಿದಿರಿ, ಎಷ್ಟು ಬಂತು?' ಎಂದು ಕೇಳಿ, ಅಂಕಿ ಬರೆಸಿಕೊಳ್ಳಿ. ಕೇಳಿದರೆ ಅವರಿಗೆ ಬೇಜಾರಾಗಬಹುದು. ಆಗಲಿ. ಆ ದಿನ ಫೋನಿನಲ್ಲಿ ನನಗೂ ಬೇಜಾರಾಗಿತ್ತು.

ಜಗಲಿಯಲ್ಲಿ ಕೇಳಿದ ಹುಡುಗ ಇದನ್ನು ಓದುತ್ತಾನೆ ಎಂದು ಗೊತ್ತು. ಮಗಾ, ನೀನು ಕೆಲಸ ಬಲ್ಲವನು, ನಿನ್ನ ಕೈ ನನ್ನ ಕೈಗಿಂತ ಚುರುಕು. ಮುಂದಿನ ಸಲ ಹೋಗುವಾಗ ಚೀಲದಲ್ಲಿ ಒಂದು ಫ್ಲಾಸ್ಕ್ ಇಟ್ಟುಕೋ. ಐಸನ್ನು ಅಲ್ಲಿಯ ಯಾವುದಾದರೂ ಜ್ಯೂಸ್ ಅಂಗಡಿಯಲ್ಲಿ ಕೊಡ್ತಾರೆ.