ಪೇಪರ್ ಇದೆಯಂತೆ, ನೀರೆಲ್ಲಿದೆ?

ಫೆಬ್ರವರಿ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಬಂದರೆ ಸರಿ. ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಕೆರೆಯಲ್ಲಿ ನೀರಿಲ್ಲದವರು ಬೋರ್ ತೆಗೆಸುವ ಮಾತೆತ್ತುತ್ತಾರೆ. ಬೋರ್ ಅಂದ ಕೂಡಲೇ ಪಾಯಿಂಟ್ ಮಾಡುವವರು ಬರುತ್ತಾರೆ.

ಮೊದಲೆಲ್ಲ ಅವರ ಕೈಯಲ್ಲಿ ತೆಂಗಿನಕಾಯಿಯೋ ಕವೆಕೋಲೋ ಇರುತ್ತಿತ್ತು. ಈಗ ಕೆಲವರ ಮೊಬೈಲಿನಲ್ಲಿ ಪಿಡಿಎಫ್ ಕೂಡ ಇರುತ್ತದೆ.

ನಮಗೆ ಗೊತ್ತಿರುವ ಒಬ್ಬ ಸಣ್ಣ ಬೆಳೆಗಾರರಿಗೆ ಹೀಗೇ ಒಂದು ಪಿಡಿಎಫ್ ತೋರಿಸಿದ್ದರು. ‘ಇದು ಮೂಢನಂಬಿಕೆ ಅಲ್ಲ, ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ ಬಂದಿದೆ. ಮನುಷ್ಯನ ದೇಹದ ಎನರ್ಜಿ ನೀರಿನ ಎನರ್ಜಿಯನ್ನು ಹಿಡಿಯುತ್ತದೆ’ ಅಂದರಂತೆ. ಎರಡು ಕಡೆ ಕೊರೆಸಿದರು. ಎರಡರಲ್ಲೂ ಬರೀ ಧೂಳು. ಉಳಿದದ್ದು ಸಾಲ. ನಾವು ಹೋಗಿ ಮಾತಾಡಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಪೇಪರ್ ಇತ್ತಲ್ಲ ಮಾರಾಯ್ರೆ, ಓದಿದವರು ಬರೆದದ್ದು ಸುಳ್ಳಾಗ್ತದಾ?’

ಆ ಪೇಪರನ್ನು ಕೂತು ಓದಿದೆವು. ಎಷ್ಟು ಕಡೆ ಪಾಯಿಂಟ್ ಮಾಡಿದರು, ಎಷ್ಟರಲ್ಲಿ ನೀರು ಬಂತು, ಎಷ್ಟು ಇಂಚು ಬಂತು, ಪಾಯಿಂಟ್ ಮಾಡಿಸದೆ ಕೊರೆದ ಬೋರುಗಳ ಕತೆ ಏನು, ಒಂದೂ ಇಲ್ಲ. ‘ಎನರ್ಜಿ’ ಅನ್ನುವ ಪದ ಮಾತ್ರ ಪುಟಪುಟದಲ್ಲೂ ಇತ್ತು.

ನಮ್ಮ ಸಿಟ್ಟು ತೆಂಗಿನಕಾಯಿ ಹಿಡಿದ ಅಜ್ಜನ ಮೇಲಲ್ಲ. ಆತ ತನಗೆ ಹಿರಿಯರಿಂದ ಬಂದದ್ದನ್ನು ಮಾಡುತ್ತಾನೆ, ವಿಜ್ಞಾನ ಅಂತ ಬೋರ್ಡ್ ಹಾಕಿಕೊಳ್ಳುವುದಿಲ್ಲ. ಸಿಟ್ಟಿರುವುದು ದುಡ್ಡು ತಗೊಂಡು ಇಂಥದ್ದಕ್ಕೆ ವಿಜ್ಞಾನದ ಮೊಹರು ಒತ್ತಿಕೊಡುವವರ ಮೇಲೆ.

ಈ ಮೊಹರು ಸಿಗುವುದು ಎಷ್ಟು ಸುಲಭ ಗೊತ್ತಾ? 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ‘ಸೈನ್ಸ್’ ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದರು. ಕಲ್ಲುಹೂವಿನಿಂದ ತೆಗೆದ ವಸ್ತು ಕ್ಯಾನ್ಸರ್ ತಡೆಯುತ್ತದೆ ಎಂಬ ಸುಳ್ಳು ಪ್ರಬಂಧ ಬರೆದು, ಬೇಕೆಂದೇ ಅದರಲ್ಲಿ ದೊಡ್ಡ ದೊಡ್ಡ ತಪ್ಪು ಇಟ್ಟು, ಇಲ್ಲದ ವಿಜ್ಞಾನಿಗಳ ಹೆಸರಿನಲ್ಲಿ 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು! ಹೀಗೆ ಪ್ರಬಂಧ ಹೋದ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ದೇಶದವೇ.

ನಮ್ಮಲ್ಲಿ ಇದಕ್ಕೆ ಕಾರಣವೂ ಇದೆ. ಕಾಲೇಜು ಮೇಷ್ಟ್ರಿಗೆ ಬಡ್ತಿ ಬೇಕಾದರೆ ಪೇಪರ್ ಪ್ರಕಟವಾಗಬೇಕು ಎಂಬ ನಿಯಮ ಬಂತು. ಪಾಠ ಹೇಗೆ ಮಾಡುತ್ತಾರೆ ಅನ್ನುವುದಕ್ಕಿಂತ ಎಷ್ಟು ಪೇಪರ್ ಅನ್ನುವುದೇ ಲೆಕ್ಕವಾಯಿತು. ಬೇಡಿಕೆ ಇದ್ದ ಕಡೆ ಅಂಗಡಿ ತೆರೆಯುತ್ತದೆ. ದುಡ್ಡು ಕಟ್ಟಿದರೆ ಕೆಲವೇ ದಿನದಲ್ಲಿ ಪ್ರಕಟ, ಜೊತೆಗೆ ಸರ್ಟಿಫಿಕೇಟ್. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಅದಕ್ಕೂ ಮೊದಲು ಅವುಗಳಲ್ಲಿ ಅಚ್ಚಾದದ್ದೆಲ್ಲ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ.

ಹಾಗಾದರೆ ವಿಚಿತ್ರ ವಿಷಯಗಳ ಮೇಲೆ ಸಂಶೋಧನೆಯೇ ಬೇಡವಾ? ಬೇಕು, ಖಂಡಿತ ಬೇಕು. ಸಂಶೋಧನೆ ಅಂದರೆ ಹೇಗಿರಬೇಕು ಅಂತ ನಮ್ಮ ರಾಜ್ಯದವರೇ ತೋರಿಸಿದ್ದಾರೆ.

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಋಷಿಯದ್ದೆಂದು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಅವರಿಂದ ಇಂಗ್ಲಿಷಿನಲ್ಲಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು, ಅದನ್ನು ನೋಡಿ ನಕ್ಕು ಸುಮ್ಮನಾಗಲಿಲ್ಲ. ಕೈಮುಗಿದು ಒಪ್ಪಲೂ ಇಲ್ಲ. ಪುಸ್ತಕ ಎಲ್ಲಿಂದ ಬಂತು ಅಂತ ಹುಡುಕಿದರು, ಅದರ ಸಂಸ್ಕೃತ ಎಷ್ಟು ಹಳೆಯದು ಅಂತ ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರ, ತೂಕ, ಅಳತೆಗಳನ್ನು ಲೆಕ್ಕ ಹಾಕಿದರು. 1974ರಲ್ಲಿ ತೀರ್ಮಾನ ಪ್ರಕಟಿಸಿದರು: ಪುಸ್ತಕ 20ನೇ ಶತಮಾನದ್ದು, ಈ ವಿಮಾನಗಳು ಹಾರುವಂಥವಲ್ಲ.

ಇಷ್ಟಾದರೂ 2015ರ ಜನವರಿಯಲ್ಲಿ ಮುಂಬೈಯ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಇದೇ ಭರದ್ವಾಜರ ಹೆಸರು ಹೇಳಿ ಪ್ರಬಂಧ ಓದಿಸಿದರು. 41 ವರ್ಷ ಹಿಂದೆ ಬಂದ ಉತ್ತರಕ್ಕೆ ಮರುಉತ್ತರ ಕೊಟ್ಟು ಓದಿದ್ದರೆ ಅದು ಚರ್ಚೆಯಾಗುತ್ತಿತ್ತು. ಅದನ್ನು ಬಿಟ್ಟು ವೇದಿಕೆ ಮಾತ್ರ ಬಳಸಿಕೊಂಡರೆ ಅದು ಬರೀ ಮೊಹರಿನ ವ್ಯಾಪಾರ.

ಇನ್ನು ನಮ್ಮ ನೀರಿನ ವಿಷಯ. ಇದನ್ನೂ ಪರೀಕ್ಷೆ ಮಾಡಿದ್ದಾರೆ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರದ ಒಂದು ಕೊಟ್ಟಿಗೆಯಲ್ಲಿ, ಕೆಳಗಿನ ಅಂತಸ್ತಿನಲ್ಲಿ ನೀರು ಹರಿಯುವ ಪೈಪನ್ನು ಗಾಡಿಯ ಮೇಲಿಟ್ಟು ಜಾಗ ಬದಲಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಿಂತು ಪೈಪ್ ಎಲ್ಲಿದೆ ಅಂತ ಹೇಳಬೇಕು. ಸುಮಾರು 500 ಜನರಲ್ಲಿ ಆರಿಸಿದ 43 ಮಂದಿ, 843 ಪ್ರಯತ್ನ. ಹೆಚ್ಚಿನವರಿಗೆ ಆಗಲಿಲ್ಲ, ಕೆಲವರಿಗೆ ಮಾತ್ರ ನಿಜವಾದ ಶಕ್ತಿ ಇದೆ ಎಂದು ನಡೆಸಿದವರು ಬರೆದರು. ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಎನ್‌ರೈಟ್ ಅದೇ ಅಂಕಿ ಅಂಶ ಹಿಡಿದು ಮತ್ತೆ ಲೆಕ್ಕ ಹಾಕಿದರು. ಒಂದು ಸುತ್ತಿನಲ್ಲಿ ಸರಿಯಾಗಿ ಹೇಳಿದವರೂ ಮುಂದಿನ ಸುತ್ತಿನಲ್ಲಿ ಎಡವಿದ್ದರು. ಅಂದಾಜಿನಲ್ಲಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು.

‘ಆದರೆ ನಮ್ಮೂರಲ್ಲಿ ಅವರು ತೋರಿಸಿದ ಕಡೆ ನೀರು ಬಂತಲ್ಲ’ ಅಂತ ನೀವು ಕೇಳಬಹುದು. ಬಂದಿರಬಹುದು. ಮಲೆನಾಡಿನ ಮಳೆಗೆ ಬಂಡೆಯ ಸೀಳುಗಳಲ್ಲಿ ಅಲ್ಲಲ್ಲಿ ನೀರು ನಿಂತೇ ಇರುತ್ತದೆ. ನೀರು ಬಂದ ಬೋರನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತೇವೆ, ಬಾರದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಮರೆಯುತ್ತೇವೆ. ಎರಡನ್ನೂ ಎಣಿಸಿದರೆ ಮಾತ್ರ ಲೆಕ್ಕ. ಭೂವಿಜ್ಞಾನಿಗಳು ಭೂಮಿಗೆ ಕರೆಂಟ್ ಹಾಯಿಸಿ ನೋಡುವ ವಿಧಾನವೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಆದರೆ ಅವರು ಹೇಗೆ ನೋಡಿದರು, ಎಲ್ಲಿ ತಪ್ಪಬಹುದು ಅಂತ ಕೇಳಿದರೆ ಉತ್ತರ ಇರುತ್ತದೆ.

ಕೇಳುವ ಅಭ್ಯಾಸ ಈ ಊರಿಗೆ ಹೊಸದಲ್ಲ. ಇಲ್ಲೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಹಾರುವ ತಟ್ಟೆಗಳ ಬಗ್ಗೆಯೂ ಪುಸ್ತಕ ಮಾಡಿದವರು. ಅವರ ‘ಕರ್ವಾಲೋ’ದಲ್ಲಿ ವಿಜ್ಞಾನಿ ಮಂದಣ್ಣನ ಹಾರುವ ಓತಿಯ ಮಾತನ್ನು ತಳ್ಳಿಹಾಕುವುದಿಲ್ಲ, ಕಾಡಿಗೆ ಹೋಗಿ ಕಣ್ಣಾರೆ ನೋಡಲು ಹೊರಡುತ್ತಾನೆ.

ಹಾಗಾಗಿ ಮುಂದಿನ ಸಲ ಯಾರಾದರೂ ‘ಪೇಪರ್ ಇದೆ’ ಅಂದರೆ ನಾಲ್ಕು ಮಾತು ಕೇಳಿ. ಎಷ್ಟು ಸಲ ಮಾಡಿ ನೋಡಿದರು? ಎಷ್ಟು ಸಲ ತಪ್ಪಿತು? ಅದಿಲ್ಲದೆ ಮಾಡಿದ್ದರೆ ಏನಾಗುತ್ತಿತ್ತು? ಪ್ರಕಟಿಸಲು ದುಡ್ಡು ಕೊಟ್ಟವರು ಯಾರು, ಮಾರುವವರೇ ಬರೆದದ್ದಾ?

ಕಾಲೇಜಿನವರಿಗೂ ಒಂದು ಮಾತು. ನಿಮ್ಮ ಬಡ್ತಿಯ ಫೈಲಿಗೆ ಸೇರಿಸಲು ನೀವು ದುಡ್ಡು ಕೊಟ್ಟು ಅಚ್ಚು ಹಾಕಿಸಿದ ನಾಲ್ಕು ಪುಟ, ಇಲ್ಲಿ ಒಬ್ಬರ ತೋಟದ ಪತ್ರ ಅಡ ಇಡಿಸುತ್ತದೆ. ನಿಜಕ್ಕೂ ಪರೀಕ್ಷೆ ಮಾಡುವ ಮನಸ್ಸಿದ್ದರೆ ಬನ್ನಿ, ಊರಿನ ಬೋರುಗಳ ಲೆಕ್ಕ ಬರೆದುಕೊಡಲು ನಾವು ತಯಾರು. ನೀರು ಬಂದದ್ದನ್ನೂ ಬರೆಯುತ್ತೇವೆ, ಧೂಳು ಬಂದದ್ದನ್ನೂ ಬರೆಯುತ್ತೇವೆ.