ಕೆರೆ ಕಟ್ಟುವ ಕೈ, ಗದ್ದೆ ಉಳುವ ಕೈ

ನಮ್ಮ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಊರು ವಿರಳ. ಕೆರೆಯ ಏರಿಯನ್ನು ಒಬ್ಬನೇ ರೈತನು ಕಟ್ಟಲಾರನು. ಅಷ್ಟು ಮಣ್ಣು ಹೊರುವುದು, ಅಷ್ಟು ಕಲ್ಲು ಜೋಡಿಸುವುದು ಒಂದು ಮನೆಯವರ ಅಳವಿಗೆ ಮೀರಿದ ಕೆಲಸ. ಆದುದರಿಂದಲೇ ಅರಸರೂ ಊರ ಹಿರಿಯರೂ ಮುಂದೆ ನಿಂತು ಕೆರೆಗಳನ್ನು ಕಟ್ಟಿಸಿದರು. ತೂಬಿನಿಂದ ಹರಿದ ನೀರನ್ನು ಸರದಿಯಂತೆ ಹಂಚಲು ನೀರುಗಂಟಿಯನ್ನು ನೇಮಿಸಿದರು. ಆದರೆ ಯಾವ ಅರಸನೂ ಪ್ರತಿಯೊಬ್ಬ ರೈತನ ಗದ್ದೆಗಿಳಿದು ನೇಗಿಲು ಹಿಡಿಯಲಿಲ್ಲ. ಉಳುವುದು, ಬಿತ್ತುವುದು, ಕಳೆ ಕೀಳುವುದು ರೈತನ ಪಾಲಿಗೇ ಉಳಿದವು. ಸರ್ಕಾರದ ಕರ್ತವ್ಯ ಯಾವುದು, ಅದು ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಈ ಕೆರೆಯಲ್ಲಿಯೇ ಉತ್ತರವಿದೆಯೆಂದು ನನ್ನ ನಂಬಿಕೆ.

ಈ ಪ್ರಶ್ನೆಯ ಬಗ್ಗೆ ಎರಡು ವಾದಗಳು ಬಹುಕಾಲದಿಂದ ನಡೆದುಬಂದಿವೆ. ಅನ್ನ, ಉದ್ಯೋಗ, ವ್ಯಾಪಾರ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳಬೇಕು ಎಂಬುದು ಒಂದು. ಸರ್ಕಾರವು ಕಳ್ಳರನ್ನೂ ವೈರಿಗಳನ್ನೂ ತಡೆಯುವ ಕಾವಲುಗಾರನಾಗಿದ್ದರೆ ಸಾಕು, ಉಳಿದುದೆಲ್ಲ ಅವರವರ ಪಾಡು ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೇ.

ಕಾವಲುಗಾರನಿದ್ದರೆ ಸಾಕೆನ್ನುವವರು ಹಳೆಯ ಮೈಸೂರು ಸಂಸ್ಥಾನದ ಚರಿತ್ರೆಯನ್ನು ನೆನೆಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಿದುದು ಸಂಸ್ಥಾನದ ಸರ್ಕಾರ. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದುದೂ ಅದೇ. ಆ ಕೆಲಸ ಮುಗಿಯಲು ಸುಮಾರು 20 ವರ್ಷಗಳು ಹಿಡಿದವು. ಅಷ್ಟು ಕಾಲ ಲಾಭಕ್ಕಾಗಿ ಕಾದು ಕುಳಿತುಕೊಳ್ಳುವ ವ್ಯಾಪಾರಿ ಎಲ್ಲಿದ್ದಾನೆ? ಆದರೆ ಮಂಡ್ಯದ ನೆಲಕ್ಕೆ ನೀರು ಹರಿದ ಮೇಲೆ ಅಲ್ಲಿ ಭತ್ತವನ್ನೂ ಕಬ್ಬನ್ನೂ ಬೆಳೆದವರು ರೈತರು. ಸರ್ಕಾರ ನೀರನ್ನು ತಂದಿತು. ಬೆವರನ್ನು ಸುರಿಸಿದವನು ರೈತ.

ಇನ್ನು, ಎಲ್ಲವನ್ನೂ ಸರ್ಕಾರವೇ ಮಾಡಲೆನ್ನುವವರು ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರದ ಕಥೆಯನ್ನು ಗಮನಿಸಬೇಕು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಈ ತಯಾರಿಕೆ ಆರಂಭವಾಯಿತು. ನಾಡಿಗೆ ಹೊಸ ಕುಶಲತೆಯನ್ನು ತಂದುಕೊಟ್ಟ ಆ ಸಾಹಸ ಶ್ಲಾಘ್ಯವಾದುದೇ. ಆದರೆ ಕಾಲ ಬದಲಾಯಿತು. ಕ್ವಾರ್ಟ್ಜ್ ಗಡಿಯಾರಗಳು ಬಂದವು, ಇತರ ತಯಾರಕರು ಮುಂದಾದರು, ಎಚ್.ಎಂ.ಟಿ. ಹಿಂದೆ ಬಿದ್ದಿತು. ಹಲವು ವರ್ಷಗಳ ನಷ್ಟದ ಬಳಿಕ 2016ರಲ್ಲಿ ಕೇಂದ್ರ ಸರ್ಕಾರವು ಕೈಗಡಿಯಾರದ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ಬೇರೆ ಯಾರೂ ಮಾಡಲಾರದಾಗ ಕೈಹಿಡಿದು ನಡೆಸುವುದು ಸರ್ಕಾರಕ್ಕೆ ಶೋಭೆ. ಇತರರು ನಡೆಯಲು ಕಲಿತ ಮೇಲೆ ದಾರಿ ಬಿಡುವುದು ವಿವೇಕ.

ಹಾಗಾದರೆ ಬಡವರ ಗತಿಯೇನು? ನೀರುಗಂಟಿಯ ಕೆಲಸದ ಮಹತ್ವ ತಿಳಿಯುವುದು ಇಲ್ಲಿಯೇ. ಅವನಿಲ್ಲದಿದ್ದರೆ ಕೆರೆಯ ಹತ್ತಿರದವರು ನೀರನ್ನೆಲ್ಲ ಹಾಯಿಸಿಕೊಂಡು, ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಆ ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ನೋಡುವುದೇ ಜನಕಲ್ಯಾಣ.

ಶಾಲೆಯ ಮಧ್ಯಾಹ್ನದ ಊಟವನ್ನೇ ನೋಡಿರಿ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದಿತು. ಇಂತಹ ಯೋಜನೆಗಳಿಂದ ಜನ ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪಣೆಯುಂಟು. ಇದು ತಳ್ಳಿಹಾಕುವ ಮಾತಲ್ಲ. ದುಡಿಯಬಲ್ಲವನನ್ನು ದುಡಿಮೆಯಿಂದ ದೂರ ಮಾಡುವ ನೆರವು ನೆರವೇ ಅಲ್ಲ. ಆದರೆ ಹಸಿದ ಮಗುವಿಗೆ ಈ ಮಾತು ಸಲ್ಲದು. ಖಾಲಿ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂಬುದನ್ನು ಶಾಲೆಯಲ್ಲಿ ದುಡಿದ ಯಾವ ಉಪಾಧ್ಯಾಯರೂ ಬಲ್ಲರು. ಶರಣರು ದಾಸೋಹವನ್ನು ಕಾಯಕದೊಡನೆ ಜೋಡಿಸಿ ಹೇಳಿದರು. ಮಗುವಿನ ಕಾಯಕ ಕಲಿಕೆ. ಆ ಕಾಯಕಕ್ಕೆ ಅದನ್ನು ಅಣಿಗೊಳಿಸುವ ಅನ್ನ ಬಿಟ್ಟಿಯ ಅನ್ನವಲ್ಲ.

ಇದು ಭಿಕ್ಷೆಯೂ ಅಲ್ಲ. ಸಾಬೂನು ಕೊಳ್ಳುವ ಕೂಲಿಯವನೂ ಅದರ ಬೆಲೆಯೊಡನೆ ತೆರಿಗೆಯನ್ನು ಕೊಡುತ್ತಾನೆ. ಬೊಕ್ಕಸದಲ್ಲಿ ಅವನ ಹಣವೂ ಇದೆ. ಆದರೆ ಬೊಕ್ಕಸ ಅಕ್ಷಯಪಾತ್ರೆಯಲ್ಲ. ಉದ್ಯೋಗ, ಶಿಕ್ಷಣ ಮತ್ತು ವೃದ್ಧಾಪ್ಯ, ಕಾಯಿಲೆಗಳಲ್ಲಿ ನೆರವು ದೊರೆಯುವಂತೆ ಮಾಡಬೇಕೆಂದು ಹೇಳುವ ನಮ್ಮ ಸಂವಿಧಾನದ 41ನೆಯ ಅನುಚ್ಛೇದವೂ, ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯನ್ನು ನೆನಪಿಸುತ್ತದೆ. ಇಂದಿನ ಹೊಗಳಿಕೆಗಾಗಿ ಬೊಕ್ಕಸವನ್ನು ಬರಿದು ಮಾಡಿದರೆ, ನಾಳೆ ಕಷ್ಟ ಬಂದಾಗ ಮೊದಲು ಕೈಬಿಡಬೇಕಾಗುವುದು ಬಡವನನ್ನೇ.

ಆದುದರಿಂದ ಯಾವ ಯೋಜನೆಯೇ ಬರಲಿ, ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಇದು ಒಬ್ಬೊಬ್ಬರೇ ಮಾಡಲಾರದ ಕೆಲಸವೇ? ಕೊನೆಯವನಿಗೂ ಮುಟ್ಟುತ್ತದೆಯೇ? ಪಡೆದವನು ನಾಳೆ ತನ್ನ ಕಾಲ ಮೇಲೆ ನಿಲ್ಲಲು ಇದರಿಂದ ಬಲ ಬರುತ್ತದೆಯೇ? ಇಂದು ಒಂಬತ್ತನೆಯ ತರಗತಿಯಲ್ಲಿರುವವರು ಕೆಲವೇ ವರ್ಷಗಳಲ್ಲಿ ಮತ ಹಾಕುತ್ತಾರೆ. ಸರ್ಕಾರ ನಮಗೇನು ಕೊಟ್ಟಿತೆಂದು ಮಾತ್ರ ಎಣಿಸದೆ, ಈ ಮೂರು ಪ್ರಶ್ನೆಗಳನ್ನೂ ಕೇಳಬಲ್ಲ ಪ್ರಜೆಗಳಿದ್ದಲ್ಲಿ ಸರ್ಕಾರವೂ ತನ್ನ ಕರ್ತವ್ಯವನ್ನು ಮರೆಯಲಾರದು.