ಹಂಡೆ ಕಾಯದಿರುವುದು ಸೌದೆ ಕಡಿಮೆಯಾಗಿ ಅಲ್ಲ

ಮಳೆ ಹಿಡಿದರೆ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಬಚ್ಚಲೊಲೆಯ ದೂರು ಶುರು: ಎಷ್ಟು ಸೌದೆ ತುರುಕಿದರೂ ನೀರು ಕಾಯುವುದಿಲ್ಲ. ಬೆಂಕಿ ಸೊರಗಿದಾಗ ಇನ್ನೆರಡು ಕೊಂಟು ಸೇರಿಸುವುದು ಎಲ್ಲರ ರೂಢಿ. ಬಹುಪಾಲು ಸಂದರ್ಭಗಳಲ್ಲಿ ಅದೇ ತಪ್ಪು. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಎರಡು ಕಿಲೊ ಹಸಿ ಸೌದೆ ಒಲೆಗೆ ಹಾಕಿದರೆ ಬೆಂಕಿ ಮೊದಲು ಒಂದು ಲೀಟರಿನಷ್ಟು ನೀರನ್ನು ಆವಿ ಮಾಡಿ ಓಡಿಸಬೇಕು. ಕುದಿಯುವ ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ ಪೂರ್ತಿ ಹಂಡೆಗೆ ತಲುಪಿದ್ದರೆ, 25 ಡಿಗ್ರಿಯ ಸುಮಾರು 27 ಲೀಟರ್ ನೀರು 45 ಡಿಗ್ರಿಗೆ ಏರುತ್ತಿತ್ತು. ಎಂದರೆ ಒಬ್ಬರ ಸ್ನಾನದ ನೀರಿನ ಬಿಸಿ ಹಬೆಯಾಗಿ ಹೋಯಿತು. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಸೌದೆ ಕಾದಾಗ ಅದರ ಬಹುಭಾಗ ಅನಿಲವಾಗಿ ಹೊರಬರುತ್ತದೆ; ಜ್ವಾಲೆ ಎಂದು ನಾವು ನೋಡುವುದು ಆ ಅನಿಲ ಉರಿಯುವುದನ್ನೇ. ಹಬೆ ಒಲೆಯನ್ನು ತಣ್ಣಗಾಗಿಸಿದರೆ ಅನಿಲ ಹೊತ್ತಿಕೊಳ್ಳದೆ ಹೊಗೆಯಾಗುತ್ತದೆ. ಕಣ್ಣುರಿಸಿ, ಹಂಡೆಗೆ ಮಸಿ ಮೆತ್ತುವ ಹೊಗೆ ಬೇರೇನೂ ಅಲ್ಲ, ದುಡಿದು ತಂದು ಉರಿಸದೆ ಬಿಟ್ಟ ಸೌದೆ.

ಒಲೆ ಸುಧಾರಣೆಯ ಮಾತು ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಮುಂದೆ ಅಸ್ತ್ರ ಒಲೆಯನ್ನು ಕೊಟ್ಟಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಶೇ 10–15ರಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಅಸ್ತ್ರ ಒಲೆ ಸೌದೆಯ ಕೆಳಗೆ ಜಾಲರಿಯಿಟ್ಟು ಗಾಳಿ ಕೊಟ್ಟಿತು, ಬಿಸಿಗಾಳಿಯನ್ನು ಒಂದರ ನಂತರ ಒಂದು ಪಾತ್ರೆಯ ತಳಕ್ಕೆ ತಾಗಿಸಿತು, ಉಳಿದ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿತು. ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಕಾರ್ಯಕ್ರಮ ನಡೆಸಿತು. ಆದರೆ ಒಲೆಗೆ ಸಿಕ್ಕ ಗಮನ ಸೌದೆಗೆ ಸಿಗಲಿಲ್ಲ. ಎಷ್ಟೇ ಚೆನ್ನಾದ ಒಲೆಯೂ ಹಸಿ ಕೊಂಟಿನೆದುರು ಸೋಲುತ್ತದೆ.

ಅಡುಗೆ ಅನಿಲ ಬಂದಿರುವಾಗ ಈ ಚರ್ಚೆ ಯಾಕೆ ಎಂಬ ಪ್ರಶ್ನೆ ಸಹಜ. ಅಡುಗೆಗೆ ಅನಿಲವೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುತ್ತಿದ್ದ ಮನೆಗಳು ದೇಶದಲ್ಲಿ ಶೇ 59ರ ಆಸುಪಾಸು. ಸಿಲಿಂಡರ್ ಇರುವ ಎಷ್ಟೋ ಮನೆಗಳಲ್ಲೂ ಸ್ನಾನದ ನೀರು ಕಾಯುವುದು ಸೌದೆಯಲ್ಲೇ. ತೋಟದ ಮಡಲು, ಅಡಿಕೆ ಸೋಗೆ ಬಿದ್ದಿರುವಾಗ ಯಾರೂ ಅನಿಲ ಸುಡುವುದಿಲ್ಲ. ಹೊಗೆಯಿಂದ ಮಾಡಿನ ಮರಕ್ಕೆ ಹುಳ ಹಿಡಿಯುವುದಿಲ್ಲ ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ. ಆದರೆ ರೀಪು, ಪಕಾಸುಗಳನ್ನು ಉಳಿಸಲು ಒಲೆಯ ಮುಂದೆ ಕೂರುವ ಹೆಂಗಸಿನ ಶ್ವಾಸಕೋಶ ಸವೆಸುವುದು ಯಾವ ನ್ಯಾಯ? ಮರಕ್ಕೆ ಬೇರೆ ಮದ್ದುಗಳಿವೆ.

ಸೌದೆಯನ್ನು ಮೊದಲೇ ಒಣಗಿಸಿಡಿ ಎಂದರೆ ಬರುವ ಗಟ್ಟಿಯಾದ ಆಕ್ಷೇಪ ಇನ್ನೊಂದು: ಅಂದಂದಿನ ಸೌದೆ ಅಂದೇ ಹೊಂದಿಸುವ ಬಡವರು ವರ್ಷದ ದಾಸ್ತಾನು ಎಲ್ಲಿ ಮಾಡಬೇಕು? ತಿಂಗಳುಗಟ್ಟಲೆ ಒಣಗಿಸುವ ಜಾಗ ಅವರಿಗಿಲ್ಲ, ನಿಜ. ಆದರೆ ಒಣಗುವ ವೇಗ ತುಂಡಿನ ದಪ್ಪದ ಮೇಲೆ ನಿಂತಿದೆ. ಮಣಿಕಟ್ಟಿಗಿಂತ ಸಣ್ಣಗೆ ಸೀಳಿದ ಸೌದೆ ಬೇಸಿಗೆಯ ಬಿಸಿಲಲ್ಲಿ ಬೇಗ ನೀರು ಬಿಡುತ್ತದೆ, ಸಿಪ್ಪೆ ಸಮೇತ ಇಡೀ ಕೊಂಟು ಬಿಡುವುದಿಲ್ಲ. ನೆಲದಿಂದ ಎತ್ತರಿಸಿ, ನಡುವೆ ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಮೇಲೆ ಮಾತ್ರ ಮುಚ್ಚಬೇಕು. ನಾಲ್ಕೂ ಕಡೆ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಒಲೆಯಲ್ಲಿ ಬೂದಿ ತೆಗೆದು ಗಾಳಿಗೆ ದಾರಿ ಬಿಡಬೇಕು, ಹಂಡೆಯ ತಳದ ಮಸಿಯನ್ನು ಆಗಾಗ ಕೆರೆಯಬೇಕು. ಇದಕ್ಕೆಲ್ಲ ಹಣಕ್ಕಿಂತ ಏಪ್ರಿಲ್–ಮೇ ತಿಂಗಳ ಮುತುವರ್ಜಿ ಬೇಕು. ಜಾಗವಿಲ್ಲದವರಿಗೆ ಮಾಡು ಬೇಕು. ದನದ ಕೊಟ್ಟಿಗೆಗೆ ನೆರವು ಕೊಟ್ಟು ರೂಢಿಯಿರುವ ಪಂಚಾಯಿತಿಗಳು ನಾಲ್ಕು ಕಂಬದ ಸೌದೆ ಕೊಟ್ಟಿಗೆಗೂ ನೆರವು ಕೊಡಲಿ, ಅದೂ ಮಳೆಗೆ ಮುಂಚೆ.